ಸಪ್ಪಳದ ಕಾಲ್ಮರಿ

ಮೊನ್ನೆ ಅಂಗನವಾಡಿ ಮುಗಿಸಿ ಮನೆಗೆ ಬರುವಾಗ ಓಣಿಯ ತಿರುವಿನಲ್ಲಿ ಮಳೆ ಹಿಡಿಯಿತು. ಜೂನ್ ತಿಂಗಳ ಮೊದಲ ಮಳೆ, ಬಹಳ ಹೊತ್ತಿನದಲ್ಲ. ತಿರುವಿನ ಮನೆಯವರ ಛಪ್ಪರದ ಕೆಳಗೆ ನಿಂತೆ. ಅಲ್ಲಿ ಕಲ್ಲಿನ ದೋಣಿಯಲ್ಲಿ ಚರ್ಮ ನೆನೆಹಾಕಿದ್ದರು. ಹನಿ ಬಿದ್ದ ಹಾಗೆ ಆ ನೀರಿನಿಂದ ವಾಸನೆ ಎದ್ದಿತು. ಜಾಲಿ ತೊಗಟೆ, ಅಳಲೆಕಾಯಿ, ಹದಗೊಂಡ ಚರ್ಮ ಎಲ್ಲ ಕಲೆತ ಕಂದು ವಾಸನೆ. ಹೊರಗಿನವರಾದರೆ ಮೂಗಿಗೆ ಸೆರಗು ಹಿಡಿಯುತ್ತಾರೆ. ನನಗೆ ತವರಿನ ವಾಸನೆಯೂ ಅದೇ, ಗಂಡನ ಮನೆಯ ವಾಸನೆಯೂ ಅದೇ. ಕಣ್ಣು ಮುಚ್ಚಿ ನಿಂತೆ. ಮೂರು ವರ್ಷದ ಹಿಂದಿನ ಮಳೆಗಾಲ ಹತ್ತಿರ ಬಂದು ನಿಂತ ಹಾಗಾಯಿತು. ಈ ಮಳೆ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ.

ಅಥಣಿಯ ನಮ್ಮ ಓಣಿಯಲ್ಲಿ ಮನೆಗೊಬ್ಬರು ಚಪ್ಪಲಿ ಮಾಡುವವರು. ನಾವು ಕಾಲ್ಮರಿ ಅನ್ನುತ್ತೇವೆ. ದೂರದ ಊರಿನವರು ಅದನ್ನೇ ಕೊಲ್ಹಾಪುರಿ ಎಂದು ಕೊಳ್ಳುತ್ತಾರೆ. ಹೆಸರು ಕೊಲ್ಹಾಪುರದ್ದು, ಬೆವರು ನಮ್ಮದು, ಇರಲಿ. ನಮ್ಮ ಮನೆಯವರ ಹೆಸರು ಮಾರುತಿ. ಅವರು ಅಟ್ಟೆ ಕೊಯ್ಯುವವರು, ಅಂದರೆ ಪಾದದ ಅಡಿಗೆ ಬರುವ ದಪ್ಪ ಚರ್ಮವನ್ನು ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಕೂಡಿಸಿ ಹೊಲಿಯುವವರು. ಮೇಲಿನ ಪಟ್ಟಿ, ಸಣ್ಣ ಜಡೆ ಹೆಣೆಯುವುದು ನನ್ನ ಕೆಲಸ. ಬೆಳಿಗ್ಗೆ ಅಂಗನವಾಡಿಯಲ್ಲಿ ಮಕ್ಕಳಿಗೆ ಅ ಆ ಇ ಈ, ಮಧ್ಯಾಹ್ನದ ಮೇಲೆ ಮನೆಯಲ್ಲಿ ಹೆಣಿಗೆ. ಎರಡಕ್ಕೂ ಬೇಕಾದದ್ದು ಒಂದೇ, ತಾಳ್ಮೆ. ಅದು ನನಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು.

ಮಾರುತಿಯವರ ಹೆಸರು ಓಣಿ ದಾಟಿ ಹೋಗಿದ್ದು ಕರಕರ ಕಾಲ್ಮರಿಯಿಂದ. ಹಾಕಿಕೊಂಡು ನಡೆದರೆ ಹೆಜ್ಜೆ ಹೆಜ್ಜೆಗೂ ಕರ್ರ್, ಕರ್ರ್ ಎಂದು ಸಪ್ಪಳ ಮಾಡುವ ಜೋಡು. ಎರಡು ಅಟ್ಟೆಗಳ ನಡುವೆ ಒಣ ಬೀಜ ಇಟ್ಟು ಹೊಲಿಯುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಎಲ್ಲರದ್ದೂ ಮಾತಾಡುವುದಿಲ್ಲ. ಕೆಲವರದ್ದು ಎಂಟು ದಿನ ಕರಗುಟ್ಟಿ ಸುಮ್ಮನಾಗುತ್ತದೆ, ಕೆಲವರದ್ದು ಮೊದಲ ದಿನದಿಂದಲೇ ಮೂಕ. ಇವರದ್ದು ಅಟ್ಟೆ ಸವೆಯುವವರೆಗೂ ಒಂದೇ ಧ್ವನಿ. ಹೊಳೆಯಾಚೆಯ ಪಾಲಬಾವಿಯಿಂದ ಕಬ್ಬಿನ ಸಾಹುಕಾರರೊಬ್ಬರು ವರ್ಷಕ್ಕೊಂದು ಜೋಡು ಮಾಡಿಸಿಕೊಳ್ಳಲು ಬರುತ್ತಿದ್ದರು. ತಾವು ಬರುವುದು ಮನೆಯವರಿಗೆ ಮೊದಲೇ ಗೊತ್ತಾಗಬೇಕು, ಅಂಥ ಸಪ್ಪಳ ಬೇಕು ಎನ್ನುತ್ತಿದ್ದರು. ಅವರ ಸೊಸೆ ಡ್ರೈವರನ ಕೈಯಲ್ಲಿ ಬೇರೆಯೇ ಹೇಳಿ ಕಳಿಸುತ್ತಿದ್ದಳು, ಇನ್ನೂ ಜೋರಾಗಿರಲಿ, ಮಾವ ಬರುವುದರೊಳಗೆ ಟೀವಿ ಆರಿಸಲು ಅನುಕೂಲ ಎಂದು.

ಈ ಸಪ್ಪಳದ ಗುಟ್ಟು ಮನೆಯ ಗಂಡುಮಕ್ಕಳಿಗೆ ಮಾತ್ರ. ಮಗಳಿಗೆ ಹೇಳಿದರೆ ನಾಳೆ ಗಂಡನ ಮನೆಗೆ ಒಯ್ಯುತ್ತಾಳೆ. ಸೊಸೆಗೆ ಹೇಳಿದರೆ ಇಂದೇ ತವರಿಗೆ ಒಯ್ಯುತ್ತಾಳೆ. ನನ್ನ ತವರು ಹೆದ್ದಾರಿ ಪಕ್ಕದ ಕೊಗನೊಳ್ಳಿ, ಅಪ್ಪನದೂ ಇದೇ ಕಸುಬು, ಅವನ ಕಾಲ್ಮರಿ ಮೂಕ. ಹಾಗಾಗಿ ನನ್ನ ಮೇಲೆ ಅನುಮಾನ ಒಂದು ಕೈ ಹೆಚ್ಚು. ಇವರು ಅಟ್ಟೆಗಳ ನಡುವೆ ಬೀಜ ಕೂಡಿಸಲು ಕುಳಿತರೆ ಅತ್ತೆ ಒಳಗಿನಿಂದಲೇ ಕೂಗುವರು, "ಸುನಂದಾ, ನೀರ ತರಾಕ ಹೋಗ." ಮನೆಯೊಳಗೆ ನಲ್ಲಿ ಬಂದ ಮೇಲೂ ನನ್ನನ್ನು ಹೊರಗೆ ಕಳಿಸುವುದು ತಪ್ಪಲಿಲ್ಲ. ಇಪ್ಪತ್ತೆರಡು ವರ್ಷ, ತುಂಬಿದ ಕೊಡವನ್ನೇ ಹಿಡಿದು ಮತ್ತೆ ನೀರಿಗೆ ಹೋದವಳು ನಾನು. ಕೇಳಲಿಲ್ಲ. ಕೇಳುವುದೂ ಇಲ್ಲ ಎಂದು ಹಟ ಹಿಡಿದಿದ್ದೆ. ನಮಗೆ ಮಗ ಇಲ್ಲ, ಒಬ್ಬಳೇ ಮಗಳು ಅಶ್ವಿನಿ, ಚಿಕ್ಕೋಡಿಯ ಕಾಲೇಜಿನಲ್ಲಿ ಓದುತ್ತಿದ್ದಳು. ಗುಟ್ಟು ಇವರೊಂದಿಗೇ ಹೋಗುತ್ತದೆ ಅನ್ನುವುದು ಎಲ್ಲರಿಗೂ ತಿಳಿದಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇವರು ಹಳೆಯ ಚಪ್ಪಲಿಯ ತಳ ನೋಡಿ ಮನುಷ್ಯನ ನಡಿಗೆ ಹೇಳುತ್ತಿದ್ದರು. ರಿಪೇರಿಗೆ ಬಂದ ಜೋಡನ್ನು ತಿರುಗಿಸಿ, ಹೆಬ್ಬೆರಳಿನಿಂದ ಸವೆದ ಜಾಗ ಸವರಿ, "ನಿಮ್ಮ ಎಡಮೊಣಕಾಲ ನೋಯತೈತೇನ್ರಿ?" ಎಂದು ಕೇಳಿದರೆ ಬಂದವರು ದಂಗಾಗಿ ಹೋಗುವರು. ಊರಿನವರ ಕಾಲನ್ನೆಲ್ಲ ಓದಿದ ಮನುಷ್ಯ ತನ್ನ ಕಾಲನ್ನು ಮಾತ್ರ ಓದಲಿಲ್ಲ.

ಆ ವರ್ಷ ಯುಗಾದಿಯ ಹೊತ್ತಿಗೆ ಇವರ ಬಲಗಾಲಿನ ಚಪ್ಪಲಿ ಹಿಂದೆ ಉಳಿಯತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಕಾಲು ಮುಂದೆ, ಚಪ್ಪಲಿ ಹಿಂದೆ. ತಿರುಗಿಸಿ ನೋಡಿದರೆ ಬಲಗಾಲಿನದರ ಮೂತಿ ಸವೆದು ದಾರ ಹೊರಗೆ ಬಂದಿದೆ, ಎಡಗಾಲಿನದು ಹೊಸದರ ಹಾಗೇ ಇದೆ. "ಚರ್ಮ ಚಲೋ ಬಂದಿಲ್ಲ" ಎಂದು ಇನ್ನೊಂದು ಜೋಡು ಮಾಡಿಕೊಂಡರು. ಅದರ ಮೂತಿಯೂ ಇಪ್ಪತ್ತು ದಿನದಲ್ಲಿ ಸವೆಯಿತು. ಮೂರನೆಯದನ್ನು ಹಗುರವಾಗಿ ಮಾಡಿದರು, ಉಂಗುಟದ ಪಟ್ಟಿ ಬಿಗಿ ಮಾಡಿದರು. ಕಾಲಿಗೆ ಗಾಯವಾಯಿತು, ಚಪ್ಪಲಿ ಆಗಲೂ ಜಾರಿತು. ನಾಲ್ಕನೆಯದಕ್ಕೆ ಅಟ್ಟೆಗಳನ್ನು ಇನ್ನೂ ತೆಳ್ಳಗೆ ಕೊಯ್ದರು. ಮೂವತ್ತು ವರ್ಷದ ಕೈ ತಪ್ಪಿತಲ್ಲ ಎಂದು ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನನಗೂ ಕೆಲಸದ್ದೇ ತಪ್ಪು ಅನಿಸಿತು. "ಕಣ್ಣ ತೋರಿಸ್ಕೊರ್ರಿ, ಚಾಳೀಸ ಬಂದಿರಬೇಕು" ಅಂದೆ. ಚಪ್ಪಲಿ ಮಾಡುವವರ ಮನೆಯಲ್ಲಿ ಕಾಲು ತಪ್ಪಿದರೆ ಚಪ್ಪಲಿಯನ್ನೇ ಬಯ್ಯುವುದು. ನಾಲ್ಕು ಜೋಡು, ಹತ್ತಿರ ಹತ್ತಿರ ನಾಲ್ಕು ತಿಂಗಳು ಹಾಗೆ ಕಳೆದೆವು.

ಇವರು ಬರುವುದನ್ನು ನಾನು ಸಪ್ಪಳದಿಂದಲೇ ತಿಳಿಯುತ್ತಿದ್ದೆ. ಓಣಿಯ ಬಾಯಿಯಲ್ಲಿ ಕರ್ರ್, ಕರ್ರ್ ಕೇಳಿದರೆ ಚಹಾಕ್ಕೆ ಇಡುವುದು. ಒಂದು ಮಧ್ಯಾಹ್ನ ಹೆಣಿಗೆಯ ಮೇಲೆ ತೂಕಡಿಸುತ್ತ ಕುಳಿತಿದ್ದೆ. ಹೊರಗೆ ಜಿನುಗು ಮಳೆ. ನಿದ್ದೆಯಲ್ಲೇ ಕೇಳಿಸಿತು, ಕರ್ರ್... ಸರ್ರ್. ಕರ್ರ್... ಸರ್ರ್. ಯಾರೋ ಬೇರೆಯವರು ಬರುತ್ತಿದ್ದಾರೆ, ಒಂದು ಕಾಲು ಎಳೆಯುತ್ತಿದ್ದಾರೆ ಎಂದುಕೊಂಡೆ. ಪಾಪ ಯಾರೋ ಏನೋ ಎಂದೂ ಅನಿಸಿತು. ಕಣ್ಣು ಬಿಟ್ಟರೆ ಬಾಗಿಲಲ್ಲಿ ಇವರು.

ಅಥಣಿಯಲ್ಲಿ ತೋರಿಸಿದೆವು. ಬೆನ್ನುಹುರಿ ಇರಬಹುದು, ಮಿರಜಿಗೆ ಹೋಗಿ ಎಂದರು. ಅಷ್ಟರಲ್ಲಿ ಬಲಗೈ ಹೆಬ್ಬೆರಳ ಬುಡದ ಮಾಂಸ ಇಳಿದು ಗುಣಿ ಬಿದ್ದಿತ್ತು. ತೋಳಿನ ಚರ್ಮದ ಕೆಳಗೆ ಏನೋ ಮಿಸುಕುತ್ತಿತ್ತು. ನೋವಿಲ್ಲ, ಜೋಮಿಲ್ಲ, ಬರೀ ಮಿಸುಕಾಟ. ಮಿರಜಿನಲ್ಲಿ ಸೂಜಿ ಚುಚ್ಚಿ ನರದ ಪರೀಕ್ಷೆ ಮಾಡಿದರು, ಫೋಟೋ ತೆಗೆದರು, ಮೂರು ಸಲ ಕರೆಸಿದರು. ಮೂರನೆಯ ಸಲ ಡಾಕ್ಟರ್ ಬಾಯಿ, ಹೆಣ್ಣು ಡಾಕ್ಟರಿಗೆ ನಾವು ಹಾಗೇ ಅನ್ನುವುದು, ಫೈಲು ಮುಚ್ಚಿಟ್ಟು ಇವರ ಮುಖ ನೋಡಿ ಮಾತಾಡಿದರು. ನನ್ನ ಮುಖವನ್ನಲ್ಲ, ಇವರದನ್ನು. ಅದಕ್ಕೇ ಅವರ ಮೇಲೆ ನನಗೆ ಗೌರವ.

"ಮೆದುಳಿಂದ ಕೈಗೆ ಕಾಲಿಗೆ ಸುದ್ದಿ ಒಯ್ಯು ನರ ಇರತಾವಲ್ರಿ, ಅವು ಒಂದೊಂದ ಸಾಯಾಕತ್ತಾವ. ಸುದ್ದಿ ಬರಲಿಲ್ಲ ಅಂದ್ರ ಮಾಂಸ ಕರಗತೈತಿ. ನಿಮ್ಮ ಬುದ್ಧಿಗೆ, ಕಣ್ಣಿಗೆ, ಕಿವಿಗೆ ಏನೂ ಆಗೂದಿಲ್ರಿ."

"ಗುಣ ಆಗತೈತೇನ್ರಿ ಮ್ಯಾಡಮ್?" ಇವರು ಕೇಳಿದರು.

"ಗುಣ ಮಾಡು ಔಷಧ ಇಲ್ರಿ. ಒಂದ ಗುಳಿಗಿ ಐತಿ, ಸ್ವಲ್ಪ ತಡೀತೈತಿ. ಕಸರತ್ತು ಹೇಳಿಕೊಡತೀವಿ. ಮುಂದ ನುಂಗಾಕ, ಉಸರಾಡಾಕ ತ್ರಾಸ ಆದಾಗ ಅದಕ್ಕೂ ವ್ಯವಸ್ಥಾ ಅದಾವ."

"ಎಷ್ಟ ದಿನಾ?"

ಡಾಕ್ಟರ್ ಬಾಯಿ ತಡಮಾಡಲಿಲ್ಲ. "ಕೆಲವರಿಗೆ ಎರಡ ಮೂರ ವರ್ಷ. ಕೆಲವರು ಅದನ್ನ ದಾಟಿ ಭಾಳ ವರ್ಷ ಇದ್ದಾರ. ನಿಮ್ಮದ ಇಷ್ಟ ಅಂತ ಹೇಳಿದ್ರ ನಾ ಸುಳ್ಳ ಹೇಳಿದಂಗ ಆಗತೈತ್ರಿ. ಒಂದ ಮಾತ್ರ ಹೇಳತೀನಿ. ಮಾತ ಹೋಗಬಹುದು. ಯಾರಿಗರ ಏನರ ಹೇಳೂದಿದ್ರ ಧ್ವನಿ ಇರೂತನಕ ಹೇಳಿ ಮುಗಸ್ರಿ."

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಇವರು, ಈಚೆ ನಾನು. ಮಳೆ ನಿಂತು ಹೊಲಗಳ ಮೇಲೆ ಮಬ್ಬು ಬೆಳಕು. ಕಬ್ಬು ಎದೆಮಟ್ಟ ಬಂದಿತ್ತು, ಗಾಳಿಗೆ ಒಂದೇ ಸಮ ತೂಗುತ್ತಿತ್ತು. ನನ್ನ ತಲೆಯಲ್ಲಿ ಒಂದು ಯೋಚನೆಯೂ ನಿಲ್ಲುತ್ತಿರಲಿಲ್ಲ. ಕಾಗವಾಡ ದಾಟಿದ ಮೇಲೆ ಇವರು ನನ್ನ ಕಡೆ ತಿರುಗಿ, ಬಹಳ ದಿನದ ಮೇಲೆ ಸಮಾಧಾನವಾದವರ ಹಾಗೆ, "ಹಂಗಾರ ನನ್ನ ಕಾಲ್ಮರಿ ಚಲೋನ ಇದ್ದೂ ಅಲ್ಲ?" ಎಂದರು.

ನನಗೆ ಎಂಥ ಸಿಟ್ಟು ಬಂತೆಂದರೆ, ಎದ್ದು ಬೇರೆ ಸೀಟಿಗೆ ಹೋಗಿ ಕುಳಿತೆ. ಅಲ್ಲಿಂದ ಅಥಣಿಯವರೆಗೂ ಅಳುತ್ತಿದ್ದೆ. ಎದುರಿಗೆ ಕುಳಿತಿದ್ದ ಅಜ್ಜಿಯೊಬ್ಬಳು ಮರಾಠಿಯಲ್ಲಿ ಏನೇನೋ ಸಮಾಧಾನ ಹೇಳಿ ಅರ್ಧ ಭಕ್ಕರಿ ಕೊಟ್ಟಳು. ಅಳುತ್ತಲೇ ತಿಂದೆ, ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಅರ್ಧದಲ್ಲಿ ಅರ್ಧ ಮುರಿದು ಇವರಿಗೂ ಕೊಟ್ಟು ಬಂದೆ.

ಶ್ರಾವಣ, ಭಾದ್ರಪದ ಹೇಗೆ ಕಳೆದವೋ. ಆ ತಿಂಗಳುಗಳು ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮಳೆಗಾಲದಲ್ಲಿ ಕಾಲ್ಮರಿಗೆ ಗಿರಾಕಿ ಇಲ್ಲ, ಚರ್ಮ ಒಣಗುವುದಿಲ್ಲ. ಓಣಿಯೇ ಅರೆನಿದ್ದೆಯಲ್ಲಿ ಇರುತ್ತದೆ. ಹೊಳೆ ತುಂಬಿದೆ, ಸೇತುವೆ ಮುಳುಗಿದೆ ಎಂದು ಸುದ್ದಿ ಬರುತ್ತಿತ್ತು. ಇವರು ಪಡಸಾಲೆಯಲ್ಲಿ ರಂಪಿಗೆ ಹಿಡಿದು ಕುಳಿತಿರುವರು. ರಂಪಿಗೆ ಎಂದರೆ ಚರ್ಮ ಕೊಯ್ಯುವ ಅಗಲ ಬಾಯಿನ ಉಳಿ. ಒಂದು ದಿನ ಅದು ಕೈಯಿಂದ ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಮೂರನೆಯ ಸಲ ಎತ್ತಿದ ಮೇಲೆ ನಾನು ತಿರುಗಿ ಕೊಡಲಿಲ್ಲ, ಅವರ ಮುಂದೆಯೇ ಕುಳಿತು ಕೊಯ್ದೆ. ಅಟ್ಟೆ ಸೊಟ್ಟ ಬಂತು. "ಕೊಗನೊಳ್ಳಿ ಕೈ" ಎಂದು ನಕ್ಕರು. ನಕ್ಕವರಿಗೆ ನಗು ನಿಲ್ಲಲಿಲ್ಲ. ನಗುತ್ತ ನಗುತ್ತ ಅದು ಅಳುವಾಯಿತು, ಅಳು ಮತ್ತೆ ನಗುವಾಯಿತು. ಇದೂ ಈ ರೋಗದ್ದೇ ಆಟ, ಗಾಬರಿ ಬೇಡ ಎಂದು ಅಶ್ವಿನಿ ಫೋನಿನಲ್ಲಿ ಹೇಳಿದಳು. ಅವಳು ಚಿಕ್ಕೋಡಿಯ ಹಾಸ್ಟೆಲಿನಲ್ಲಿ ಕುಳಿತು ರೋಗದ ಬಗ್ಗೆ ಸಿಕ್ಕಿದ್ದೆಲ್ಲ ಓದಿ ಮುಗಿಸಿದ್ದಳು. ಮುಂದೆ ಯಾವುದರ ನಂತರ ಯಾವುದು ಎಂದು ನನಗಿಂತ ಮೊದಲು ತಿಳಿದುಕೊಂಡವಳು ಅವಳೇ. ಹತ್ತೊಂಬತ್ತು ವರ್ಷದ ಹುಡುಗಿ.

ದಸರಾ ಹೊತ್ತಿಗೆ ಇವರ ಮಾತು ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಮಾತಿನ ಹಾಗೆ ಆಯಿತು. ರ ಲ ಆಯಿತು, ಕ ಗಂಟಲಲ್ಲೇ ಉಳಿಯಿತು. ಹೊರಗಿನವರು ಕುಡಿದಿದ್ದಾರೆ ಎಂದುಕೊಳ್ಳುತ್ತಿದ್ದರು. ನೀರು ಕುಡಿದರೆ ನೆತ್ತಿಗೇರುತ್ತಿತ್ತು, ಅಂಬಲಿ ಇಳಿಯುತ್ತಿತ್ತು. ಆಗ ಬಂದರು ಪಾಲಬಾವಿಯ ಸಾಹುಕಾರರು. ಹೊಳೆ ಇಳಿದಿದೆ, ದೀಪಾವಳಿಗೆ ಹೊಸ ಜೋಡು ಬೇಕು ಎಂದರು. ಅಷ್ಟರಲ್ಲಿ ಇವರ ಕೈ ನೋಡಿದರು. ಮೂವತ್ತು ವರ್ಷದ ಗಿರಾಕಿ ಅವರು. "ಇರಲಿ ಮಾರುತಿ, ಈ ವರ್ಷ ರಬ್ಬರಿನದ ಹಾಕ್ಕೊಂತೀನಿ" ಎಂದು ಹೊರಟರು.

ಇವರು ತಲೆ ಅಲ್ಲಾಡಿಸಿ, ಒಂದೊಂದೇ ಅಕ್ಷರ ತಳ್ಳುತ್ತ, "ಇಕಿ ಮಾಡತಾಳ" ಎಂದರು.

ನಾನು ಇವರ ಮುಖ ನೋಡಿದೆ. ಅಟ್ಟೆ ಕೊಯ್ಯುವುದು ಕಲಿತಿದ್ದೆ, ಹೊಲಿಯುವುದೂ ಬಂದಿತ್ತು. ಆದರೆ ಸಾಹುಕಾರರ ಜೋಡು ಸಪ್ಪಳ ಮಾಡಬೇಕು. ಅದು ನನಗೆ ಬರುವುದಿಲ್ಲ, ಇವರು ಹೇಳಿಲ್ಲ, ನಾನು ಕೇಳಿಲ್ಲ. ಇವರು ತಮ್ಮ ತಾಯಿಯ ಕಡೆ ನೋಡಿದರು. ನಾನು ಕೊಡ ಎತ್ತಿಕೊಂಡೆ. ಸಿಟ್ಟಿಗೇ ಎತ್ತಿಕೊಂಡದ್ದು, ಸುಳ್ಳು ಯಾಕೆ ಹೇಳಲಿ. ಧ್ವನಿ ದಿನದಿನಕ್ಕೆ ಕರಗುತ್ತಿದೆ, ಡಾಕ್ಟರ್ ಹೇಳಿದ ಮಾತು ಎಲ್ಲರಿಗೂ ನೆನಪಿದೆ, ಆಗಲೂ ನನ್ನನ್ನು ನೀರಿಗೆ ಕಳಿಸುವ ಮನೆ ಇದು ಎಂದು ಹೊಟ್ಟೆ ಉರಿಯಿತು. ಹೊಸ್ತಿಲು ದಾಟುವಾಗ ಅತ್ತೆಯ ಧ್ವನಿ ಹಿಂದಿನಿಂದ ಬಂತು.

"ಕೊಡಾ ಇಡ ಸುನಂದಾ." ಮತ್ತೆ ಮಗನ ಕಡೆ ತಿರುಗಿ, "ಹೇಳಲೇ ಮಾರ್ಯಾ ಇಕಿಗೆ. ನಿನ್ನ ಬಾಯಿ ಮುಚ್ಚೂದ್ರೊಳಗ ಹೇಳ. ಕೊಗನೊಳ್ಳಿಗೆ ಒಯ್ದರ ಒಯ್ಯಲಿ ಬಿಡ. ಎಲ್ಲೆರ ಒಂದ ಕಡೆ ಸಪ್ಪಳ ಉಳದ್ರ ಸಾಕು" ಎಂದರು. ಎಂಬತ್ತು ದಾಟಿದ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕೈಯ ಕೊಡ ಇಸಿದುಕೊಂಡರು. ಅವರೇ ಹೋಗಿ ನೀರು ತಂದರು.

ಬೀಜ ಯಾವುದು, ಎಷ್ಟು ದಿನ ಒಣಗಿಸಬೇಕು, ಅದನ್ನು ಇಲ್ಲಿ ಬರೆದುಬಿಡುವಷ್ಟು ದಡ್ಡಿ ನಾನಲ್ಲ. ಆದರೆ ನಿಜವಾದ ಗುಟ್ಟು ಬೀಜದ್ದಲ್ಲ ಎಂದು ಆ ಮಧ್ಯಾಹ್ನ ತಿಳಿಯಿತು. ಬೀಜ ಎಲ್ಲಿ ಕೂಡಿಸಬೇಕು ಅನ್ನುವುದು ಗುಟ್ಟು. ಅದಕ್ಕೆ ಗೊತ್ತುಮಾಡಿದ ಜಾಗವಿಲ್ಲ. ಒಬ್ಬೊಬ್ಬರ ಭಾರ ಒಂದೊಂದು ಕಡೆ ಬೀಳುತ್ತದೆ, ಅಲ್ಲಿ ಇಟ್ಟರೆ ಮಾತ್ರ ಕಾಲ್ಮರಿ ಮಾತಾಡುತ್ತದೆ. ಅದನ್ನು ತಿಳಿಯಲು ಮನುಷ್ಯ ನಡೆಯುವುದನ್ನು ನೋಡಬೇಕು, ಸುಮ್ಮನೆ ನೋಡುತ್ತ ಕೂರಬೇಕು. ಇವರು ಅಷ್ಟನ್ನು ಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಹೇಳಿ ಮುಗಿಸಿ ಬೆವರಿದ್ದರು.

ಮರುದಿನ ಸಾಹುಕಾರರನ್ನು ಕರೆಸಿ ಅಂಗಳದಲ್ಲಿ ನಡೆಸಿದೆವು. ಮೊದಲು ಹೋದರು, ಬಂದರು. "ಇನ್ನೊಮ್ಮಿ ನಡೀರಿ ಸಾವಕಾರ್ರ" ಅಂದೆ. ಮತ್ತೆ ಹೋದರು. "ಹಂಗಲ್ರಿ, ಗತ್ತಿಲೆ ನಡೀಬ್ಯಾಡ್ರಿ, ಮನ್ಯಾಗ ನಡದಂಗ ನಡೀರಿ." ಹದಿನೈದು ಸುತ್ತು ಆದ ಮೇಲೆ, "ಏನ ಪೊಲೀಸ ಭರ್ತಿಗೆ ಬಂದೀನೇನವಾ ನಾ?" ಎಂದು ರೇಗಿದರು. ಅವರು ಹಿಮ್ಮಡಿಯ ಒಳಗಡೆ ಭಾರ ಹಾಕುತ್ತಾರೆ ಅನಿಸಿತು. ಇವರ ಕಡೆ ನೋಡಿದೆ. ಇವರು ಎಡಗೈ ಬೆರಳು ಮೆಲ್ಲಗೆ ಅಲ್ಲಾಡಿಸಿ ಅಲ್ಲ ಎಂದರು, ಇನ್ನೂ ನೋಡು ಎಂದರು. ಬಿಸಿಲು ಇಳಿಯುವವರೆಗೆ ನೋಡಿದೆ.

ಮೊದಲ ಜೋಡು ಮೂಕ. ಬಿಚ್ಚಿ ಹೊಲಿದೆ. ಎರಡನೆಯ ಸಲ ಎಡಗಾಲು ಮಾತ್ರ ಕರ್ರ್ ಅಂದಿತು, ಬಲಗಾಲು ಸುಮ್ಮನೆ. ಸಾಹುಕಾರರು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ, "ಯವ್ವಾ, ಇದನ್ನ ಹಾಕ್ಕೊಂಡ ಹೋದ್ರ ಮಂದಿ ಕುಂಟ ಬಂದಾನ ಅಂತಾರ" ಎಂದುಬಿಟ್ಟರು. ಅಂದ ಮೇಲೆ ಇವರ ಕಾಲಿನ ಮೇಲೆ ಕಣ್ಣು ಬಿದ್ದು ನಾಲಿಗೆ ಕಚ್ಚಿಕೊಂಡರು. ಇವರು ಜೋರಾಗಿ ನಕ್ಕರು. ಅದು ರೋಗದ ನಗುವಲ್ಲ, ಇವರದೇ. ನರಕ ಚತುರ್ದಶಿಯ ಹಿಂದಿನ ದಿನ ಮೂರನೆಯ ಸಲ ಹೊಲಿದ ಜೋಡು ಎರಡೂ ಕಾಲಿಗೆ ಒಂದೇ ಧ್ವನಿಯಲ್ಲಿ ಮಾತಾಡಿತು. ಅತ್ತೆ ಒಲೆಯ ಮುಂದೆ ಕುಳಿತವರು ತಲೆ ಎತ್ತಿ ಕೇಳಿದರು, ಮತ್ತೆ ರೊಟ್ಟಿ ಬಡಿಯತೊಡಗಿದರು.

ಆಮೇಲೆ ಕಬ್ಬಿನ ಗಾಡಿಗಳ ಕಾಲ. ಇಡೀ ದಿನ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗುವ ಸದ್ದು, ಗಾಳಿಯಲ್ಲಿ ಸಿಹಿ ಹೊಗೆ. ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡಲು ಬಂದವರಿಗೆ ಇವರು ಒಂದು ಮಾತೂ ಆಡಲಾಗಲಿಲ್ಲ. ಧ್ವನಿ ಪೂರ್ತಿ ಹೋಗಿತ್ತು. ಕುತ್ತಿಗೆ ನಿಲ್ಲುತ್ತಿರಲಿಲ್ಲ, ದಿಂಬು ಕೊಟ್ಟು ಒಂದು ಕಡೆ ನಿಲ್ಲಿಸಬೇಕು, ನಿಲ್ಲಿಸಿದ ಕಡೆಯಷ್ಟೇ ಇವರ ಜಗತ್ತು. ಅಂಗನವಾಡಿಯ ಹಳೆಯ ಅಕ್ಷರದ ಪಟ ತಂದು ಎದುರಿಗೆ ಹಿಡಿದೆ. ಸಾಲಿನ ಮೇಲೆ ಬೆರಳಿಟ್ಟರೆ, ಹೌದಾದರೆ ಕಣ್ಣು ಮೇಲೆತ್ತುವರು, ಅಲ್ಲವಾದರೆ ಕಣ್ಣು ಮುಚ್ಚುವರು. ಬೆಳಿಗ್ಗೆ ಮೂರು ವರ್ಷದವರಿಗೆ ಕಲಿಸಿದ್ದನ್ನೇ ಸಂಜೆ ಐವತ್ತರವರ ಮುಂದೆ ಹಿಡಿಯುವುದು. ಕನ್ನಡದ ಒತ್ತಕ್ಷರಗಳ ಮೇಲೆ ನನಗೆ ಆಗ ಬಂದಷ್ಟು ಸಿಟ್ಟು ಮಕ್ಕಳಿಗೂ ಬಂದಿರಲಾರದು.

ಒಂದು ಮಧ್ಯಾಹ್ನ ಪಟ ಹಿಡಿದಾಗ ಇವರು ಕೂಡಿಸಿದ್ದು, "ನಿನಗ ಮಾಡ."

"ಏನ ಮಾಡಲಿ ನನಗ?"

"ಸಪಳದ." ಒತ್ತಕ್ಷರ ಬಿಟ್ಟೇ ಹೇಳಿದರು.

ಹೆಂಗಸರು ಕರಕರ ಕಾಲ್ಮರಿ ಹಾಕಿಕೊಳ್ಳುವುದಿಲ್ಲ. ಅದು ಗಂಡಸರ ಗತ್ತು. ನಮ್ಮ ಓಣಿಯಲ್ಲಿ ಯಾವ ಹೆಣ್ಣೂ ಹಾಕಿಲ್ಲ. "ಮಂದಿ ನಕ್ಕಾರ್ರಿ" ಅಂದೆ. ಇವರ ಕಣ್ಣು ಪಟ ಬಿಟ್ಟು ಕದಲಲಿಲ್ಲ. ಮತ್ತೆ ಬೆರಳಾಡಿಸಿದೆ. ಒಂದೊಂದೇ ಅಕ್ಷರ ಬಂತು. "ನೀ ಎಲಿ ಅದಿ ಗೊತಾಗೂದಿಲ." ನೀನು ಎಲ್ಲಿದ್ದೀ ಗೊತ್ತಾಗುವುದಿಲ್ಲ. ಅಷ್ಟು ಹೇಳಿ ಕಣ್ಣು ಮುಚ್ಚಿದರು. ಆಗ ತಿಳಿಯಿತು ನನಗೆ. ನಾನು ಬರಿಗಾಲಲ್ಲಿ ಮನೆಯೊಳಗೆ ಓಡಾಡುವವಳು, ಸದ್ದಿಲ್ಲ. ಇವರಿಗೆ ತಿರುಗಿ ನೋಡಲು ಕುತ್ತಿಗೆ ಇಲ್ಲ, ಕರೆಯಲು ಬಾಯಿಲ್ಲ. ಅಡುಗೆಮನೆಯಲ್ಲಿದ್ದೇನೋ, ಬಚ್ಚಲಲ್ಲಿದ್ದೇನೋ, ಮನೆ ಬಿಟ್ಟೇ ಹೋಗಿದ್ದೇನೋ ಎಂದು ಇಡೀ ದಿನ ಅಂದಾಜು ಮಾಡುತ್ತ ಮಲಗಿದ್ದಾರೆ. ಹೆದರಿಕೆ ಆಗುತ್ತದೆ ಅನ್ನಲು ಇವರಿಗೆ ನಾಚಿಕೆ. ಅದಕ್ಕೇ ಕಾಲ್ಮರಿಯ ಮಾತು.

ಅಟ್ಟೆ ಕೊಯ್ದುಕೊಂಡು ಬೀಜದ ಡಬ್ಬಿ ಹಿಡಿದು ಮಂಚದ ಮುಂದೆ ಕುಳಿತೆ. ನನ್ನ ನಡಿಗೆ ನಾನೇ ನೋಡಿಕೊಳ್ಳುವುದು ಹೇಗೆ? "ನಡದ ತೋರಸ್ಲೇನ್ರಿ? ಅಲ್ಲಿಂದ ಇಲ್ಲೀತನಾ?" ಕೇಳಿದೆ.

ಇವರು ಕಣ್ಣು ಮುಚ್ಚಿದರು. ಬೇಡ.

ಪಟ ಹಿಡಿದೆ. ತಡವರಿಸದೆ, ಎಷ್ಟೋ ವರ್ಷದಿಂದ ಬಾಯಿಪಾಠ ಇದ್ದವರ ಹಾಗೆ ಹೇಳಿದರು. ಎಡಗಾಲು, ಹಿಮ್ಮಡಿ, ಹೊರಗಿನ ಅಂಚು. ಬಲಗಾಲು, ಕಿರುಬೆರಳ ಕೆಳಗೆ. ನನ್ನ ಹಳೆಯ ಚಪ್ಪಲಿ ತಂದು ತಿರುಗಿಸಿ ನೋಡಿದೆ. ಸವೆದದ್ದು ಅಲ್ಲೇ, ಎರಡು ಕಡೆಯೂ. ಇಪ್ಪತ್ತೆರಡು ವರ್ಷ ನಾನು ಕೊಡ ಹೊತ್ತು ಹೊಸ್ತಿಲು ದಾಟುವಾಗೆಲ್ಲ ಈ ಮನುಷ್ಯ ನನ್ನ ಬೆನ್ನ ಹಿಂದೆ ಕುಳಿತು ಕಾಲು ನೋಡುತ್ತಿದ್ದರು. ಒಂದು ದಿನವೂ ಹೇಳಿದವರಲ್ಲ. ನಾನು ಚಪ್ಪಲಿ ಹಿಡಿದುಕೊಂಡು ಇವರ ಮುಂದೆಯೇ ಅತ್ತುಬಿಟ್ಟೆ, ಮುಚ್ಚಿಡಲಿಲ್ಲ.

ಆ ಜೋಡು ಮೊದಲ ಸಲಕ್ಕೇ ಮಾತಾಡಿತು.

ಮನೆಯೊಳಗೆ ಹಾಕಿಕೊಂಡು ತಿರುಗಿದಾಗ ಅತ್ತೆ ಹೌಹಾರಿದರು. "ಒಲಿ ಮುಂದ ಚಪ್ಪಲಿ ಹಾಕ್ಕೊಂಡ ಬಂದೀಯಲ್ಲ, ನಿನಗೇನ ಬುದ್ಧಿಗಿದ್ಧಿ ಐತಿಲ್ಲ?" ಎಂದು ಎರಡು ದಿನ ನನ್ನ ಕೈಯ ಚಹಾ ಮುಟ್ಟಲಿಲ್ಲ. ಈ ಜೋಡು ಹೊಸ್ತಿಲ ಹೊರಗೆ ಹೋಗುವುದೇ ಇಲ್ಲ, ಮನೆಯದೇ ಎಂದು ತಿಳಿಸಿ ಹೇಳಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಸುನಂದಾ ಗೌಡ್ತಿ ಬಂದಳ ನೋಡ್ರವಾ" ಎಂದು ನಗಾಡಿದರು. ನಾನೂ ನಕ್ಕೆ. ಮೂರನೆಯ ದಿನ ಸ್ನಾನ ಮುಗಿಸಿ ಬರಿಗಾಲಲ್ಲೇ ರೊಟ್ಟಿಗೆ ಕುಳಿತಿದ್ದೆ. ಅತ್ತೆ ಮಗನ ಹತ್ತಿರದಿಂದ ಎದ್ದು ಬಂದು ಆ ಜೋಡನ್ನು ತಾವೇ ಎತ್ತಿ ನನ್ನ ಕಾಲ ಹತ್ತಿರ ಇಟ್ಟರು. "ಹಾಕ್ಕೋ. ಹುಡಕಾಕತ್ತಾನ ಅಂವ" ಎಂದರು.

ಅದಾಗಿ ಎರಡು ವರ್ಷದ ಮೇಲಾಯಿತು. ಇವರಿದ್ದಾರೆ. ಹೊಟ್ಟೆಗೆ ಕೊಳವೆ ಬಂದಿದೆ, ಮಲಗುವಾಗ ಮುಖಕ್ಕೆ ಉಸಿರಿನ ಮಶೀನು. ಕರೆಂಟು ಹೋದರೆ ನಡೆಯಲೆಂದು ಅಶ್ವಿನಿ ಬ್ಯಾಟರಿ ತಂದಿಟ್ಟಿದ್ದಾಳೆ. ಎಡಗೈಯ ಆ ಒಂದು ಬೆರಳೂ ಈಗ ಏಳುವುದಿಲ್ಲ, ಕಣ್ಣು ಇವೆ. ಮುಂದೆ ಏನಿದೆ ಎಂದು ನನಗೆ ಗೊತ್ತು, ಇವರಿಗೂ ಗೊತ್ತು. ಗುಣವಾಗುತ್ತದೆ ಎಂದು ನಾವು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುವುದಿಲ್ಲ. ಡಾಕ್ಟರ್ ಬಾಯಿ ಹೇಳಿದ ಎರಡು ಮೂರರ ಲೆಕ್ಕದಲ್ಲಿ ಎಲ್ಲೋ ಇದ್ದೇವೆ, ಅದನ್ನು ದಾಟಿದವರ ಸಾಲಿಗೆ ಸೇರುತ್ತೇವೋ ಏನೋ. ಪಾಲಬಾವಿಯ ಜೋಡು ವರ್ಷವರ್ಷ ಹೋಗುತ್ತಿದೆ. ಕೊಗನೊಳ್ಳಿಗೆ ಏನನ್ನೂ ಒಯ್ದಿಲ್ಲ. ಅಶ್ವಿನಿಗೆ ಮಾತ್ರ ಎಲ್ಲವನ್ನೂ ಹೇಳಿಕೊಟ್ಟಿದ್ದೇನೆ. ಅತ್ತೆ ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಇದ್ದರು.

ಮೊನ್ನೆ ಆ ಮಳೆ ನಿಂತ ಮೇಲೆ ಮನೆಗೆ ಬಂದೆ. ರಬ್ಬರಿನ ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ, ಒಳಗಿನ ಜೋಡು ಮೆಟ್ಟಿಕೊಂಡೆ. ಮೊದಲ ಹೆಜ್ಜೆಗೇ ಇವರ ಹುಬ್ಬು ಸಡಿಲಾಯಿತು. ಆಮೇಲೆ ಇದನ್ನೆಲ್ಲ ಬರೆಯಬೇಕು ಅನಿಸಿ ಮಂಚದ ಹಿಂದೆ, ಇವರಿಗೆ ಕಾಣದ ಕಡೆ, ಕಿಟಕಿಯ ಬೆಳಕಿಗೆ ಕುಳಿತೆ. ಕುಳಿತವರ ಕಾಲ್ಮರಿ ಮಾತಾಡುವುದಿಲ್ಲ. ಎರಡು ಸಾಲು ಬರೆಯುವುದರೊಳಗೆ ಇವರ ಕಣ್ಣು ಬಾಗಿಲ ಕಡೆ ಹೋದದ್ದು ಪಕ್ಕದ ಗೋಡೆಯ ಕನ್ನಡಿಯಲ್ಲಿ ಕಂಡಿತು. ಅಂದಿನಿಂದ ಬರೆಯುವಾಗ ನಡುನಡುವೆ ಎಡಗಾಲಿನ ಹಿಮ್ಮಡಿಯ ಹೊರಗಿನ ಅಂಚನ್ನು ನೆಲಕ್ಕೆ ಒತ್ತುತ್ತೇನೆ. ಕರ್ರ್ ಎನ್ನುತ್ತದೆ. ಇವರ ಕಣ್ಣು ಬಾಗಿಲಿನಿಂದ ಹಿಂದೆ ಬಂದು ನಿರಾಳವಾಗಿ ಮುಚ್ಚಿಕೊಳ್ಳುತ್ತವೆ. ಮತ್ತೆ ನಾಲ್ಕು ಸಾಲು ಬರೆದು ಮತ್ತೆ ಒತ್ತುತ್ತೇನೆ.